ಒಂದೇ ಮಗ್ಗುಲಿಗೆ ಸಾಲುವ ಹಗ್ಗ

ನಮ್ಮ ಊರಿನಲ್ಲಿ ಒಂದು ಕಟ್ಟಡ ಏಳುತ್ತಲೇ ಇದೆ. ಯಾವಾಗ ಶುರುವಾಯಿತೆಂದು ಹೇಳಬಲ್ಲವರು ಯಾರೂ ಉಳಿದಿಲ್ಲ. ಯಾವಾಗ ಮುಗಿಯುತ್ತದೆಂದು ಕೇಳುವ ಚಪಲ ನಮಗೂ ಉಳಿದಿಲ್ಲ. ನನ್ನ ಅಜ್ಜ ಅದರ ಬುಡದಲ್ಲಿ ಕಲ್ಲು ಹೊತ್ತ, ಅಪ್ಪ ಅದರ ನಡುವಿನಲ್ಲಿ ಇಟ್ಟಿಗೆ ಹೊತ್ತ, ನಾನು ಅದರ ನೆತ್ತಿಯ ಬಳಿ ಸಾರವೆಯ ಕಂಬ-ಹಲಗೆಗಳಿಗೆ ಹಗ್ಗ ಕಟ್ಟುತ್ತೇನೆ. ಅದು ಅರಮನೆಯೋ, ಕಣಜವೋ, ಸೆರೆಮನೆಯೋ ಗೊತ್ತಿಲ್ಲ. ಏನೇ ಆದರೂ ಅದರ ಗೃಹಪ್ರವೇಶಕ್ಕೆ ನಮ್ಮನ್ನು ಕರೆಯುವುದಿಲ್ಲ ಎಂಬುದಷ್ಟು ಗೊತ್ತು.

ಕಟ್ಟಡದ ಸುತ್ತ ಆಳೆತ್ತರದ ತಡಿಕೆಯಿದೆ. ತಡಿಕೆಗೆ ಒಂದೇ ಬಾಗಿಲು. ಬಾಗಿಲ ಮೇಲೆ ಒಂದು ದೃಷ್ಟಿಬೊಂಬೆ ಕೂತಿದೆ: ಹುಲ್ಲು ತುಂಬಿದ ಹೊಟ್ಟೆ, ಮಡಕೆಯ ತಲೆ, ಹೊರಗೆ ಚಾಚಿದ ಕೆಂಪು ನಾಲಿಗೆ. ಏಳುವ ಕಟ್ಟಡಕ್ಕೆ ದೃಷ್ಟಿ ಬಹಳ ಬೇಗ ತಗಲುತ್ತದೆ ಎನ್ನುತ್ತಾರೆ. ಕೆಲಸ ಮಾಡುವವನ ಕಣ್ಣು ತಗಲುವುದಿಲ್ಲ, ಅವನಿಗೆ ತಲೆಯೆತ್ತಿ ನೋಡಲು ಪುರುಸೊತ್ತಿಲ್ಲ. ಮಾಡಿಸುವವರ ಕಣ್ಣು ತಗಲುವುದಿಲ್ಲ, ಕಟ್ಟಡವೇ ಅವರದು. ತಗಲುವುದು ಒಳಗೆ ಬಂದು, ನಿಂತು, ಇದು ಹೀಗೇಕಿದೆ ಎಂದು ಕೇಳುವವನ ಕಣ್ಣು. ಹೇಳದೆ ಬಂದು ನೋಡಿದವನ ಕಣ್ಣಿಗೆ ಗೋಡೆ ಬಿರಿಯುತ್ತದೆ, ಕಂಬ ವಾಲುತ್ತದೆ, ಮನುಷ್ಯರು ಬೀಳುತ್ತಾರೆ. ಇದು ಚಾವಡಿಯ ಮುಂದಿನ ಕಲ್ಲಿನಲ್ಲಿ ಕೊರೆದಿರುವ ಕಾನೂನು. ಕಾನೂನು ಹುಟ್ಟುವ ಮೊದಲೂ ಮನುಷ್ಯರು ಬೀಳುತ್ತಲೇ ಇದ್ದರು, ಆದರೆ ಅದನ್ನು ಕಲ್ಲಿಗೆ ಹೇಳಲು ಯಾರೂ ಹೋಗಲಿಲ್ಲ.

ಚಾವಡಿಯವರು ದಯಾವಂತರು, ಅದನ್ನು ಒಪ್ಪಿಕೊಳ್ಳಬೇಕು. ಹೊರಗಿನವರು ಯಾರೂ ಬರಕೂಡದು ಎಂದವರೇ ಒಬ್ಬನಿಗೆ ಮಾತ್ರ ಒಳಬರುವ ಹಕ್ಕನ್ನೂ ಕೊಟ್ಟರು. ಅವನನ್ನು ಕೆಲಸದವರಾದ ನಾವೇ ಆರಿಸಬೇಕು. ಆರಿಸಿದ ಮೇಲೆ ಅವನು ಕೆಲಸ ಬಿಡಬೇಕು, ಹೆಸರನ್ನೂ ಬಿಡಬೇಕು. ಊರೆಲ್ಲ ಅವನನ್ನು ಕೇಳುವವ ಎನ್ನುತ್ತದೆ. ಅವನ ಕೊರಳಿಗೆ ಒಂದು ತಾಮ್ರದ ಬಿಲ್ಲೆ ಬೀಳುತ್ತದೆ. ಆ ಬಿಲ್ಲೆಯಿದ್ದವನು ಕಟ್ಟಡದೊಳಗೆ ಬಂದು ದೋಷವನ್ನು ಕಣ್ಣಾರೆ ಕಂಡರೆ, ಅದು ಸರಿಯಾಗುವವರೆಗೆ ಆ ಮಗ್ಗುಲಿನ ಕೆಲಸ ನಿಲ್ಲಿಸಬಹುದು. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ!

ಆದರೆ ಅವನು ಯಾವುದನ್ನು ನೋಡಬೇಕೆಂದಿದ್ದಾನೋ ಅದನ್ನು ಒಂದು ದಿನ ಮುಂಚೆ ಸಾರಬೇಕು. ಬೆಳಿಗ್ಗೆ ಬಾಗಿಲ ಮುಂದೆ ನಿಂತು ಮೂರು ಸಲ ತಮಟೆ ಬಡಿದು, ಯಾವ ಮಗ್ಗುಲು, ಯಾವ ದೋಷ ಎಂದು ಕೂಗಿ ಹೇಳಬೇಕು. ಒಂದು ದಿನಕ್ಕೆ ಒಂದು ಮಗ್ಗುಲು, ಒಂದು ದೋಷ. ಮಾರನೆಯ ಬೆಳಿಗ್ಗೆ ಬಾಗಿಲು ಕಾಯುವವನು ಬಾಗಿಲಿಂದ ಆ ಮಗ್ಗುಲಿನವರೆಗೆ ಸುಣ್ಣದ ಗೆರೆ ಹಾಕುತ್ತಾನೆ. ಕುದುರೆಗೆ ಕಟ್ಟುವಂಥ ಕಣ್ಣುಪಟ್ಟಿಯನ್ನು ಕೇಳುವವನ ಮುಖಕ್ಕೆ ಕಟ್ಟುತ್ತಾನೆ. ಎಡಕ್ಕೆ ಇಲ್ಲ, ಬಲಕ್ಕೆ ಇಲ್ಲ, ಸುಣ್ಣದ ಮೇಲೆ ಹೆಜ್ಜೆಯಿಡುತ್ತ ಹೋಗಬೇಕು. ಸಾರಿದ್ದನ್ನು ನೋಡಿ, ಇಲ್ಲಿ ದೋಷವಿದೆಯೇ ಎಂದು ಗಟ್ಟಿಯಾಗಿ ಕೇಳಿ, ಕಂಡದ್ದಕ್ಕೆ ಹೆಬ್ಬೆಟ್ಟು ಒತ್ತಿ, ಅದೇ ಗೆರೆಯ ಮೇಲೆ ಹಿಂದಿರುಗಬೇಕು. ಕಾಲು ಗೆರೆ ದಾಟಿದರೆ ಅಥವಾ ಕತ್ತು ಹೊರಳಿದರೆ ಬಿಲ್ಲೆ ಹೋಗುತ್ತದೆ. ಆಮೇಲೆ ಹನ್ನೆರಡು ವರ್ಷ ಊರಿಗೆ ಕೇಳುವವನೇ ಇರುವುದಿಲ್ಲ.

ಇನ್ನೊಂದು ಮಾತು. ಬಿಲ್ಲೆ ಕೊಡುವ ಮೊದಲು ಚಾವಡಿಯವರು ಯೋಗ್ಯತೆ ನೋಡುತ್ತಾರೆ. ಯಾರ ಮೇಲೂ ರೇಗಿರಬಾರದು, ಮೇಸ್ತ್ರಿಗೆ ಎದುರಾಡಿರಬಾರದು, ಗುಂಪಿನಲ್ಲಿ ನಿಂತು ಕೂಗಿರಬಾರದು. ಹೀಗಾಗಿ ನಮ್ಮ ಪರವಾಗಿ ದನಿಯೆತ್ತಲು, ಜನ್ಮದಲ್ಲಿ ದನಿಯೆತ್ತದವನೊಬ್ಬನನ್ನು ನಾವು ಹುಡುಕಬೇಕಾಯಿತು. ಸಿಕ್ಕಿದ. ತೆಂಕಣ ಮಗ್ಗುಲಲ್ಲಿ ಇಟ್ಟಿಗೆ ಕಟ್ಟುತ್ತಿದ್ದ, ಕೈಮೇಲೆ ಇಟ್ಟಿಗೆ ಬಿದ್ದರೂ ತುಟಿ ಕಚ್ಚಿಕೊಂಡು ಸುಮ್ಮನಿರುತ್ತಿದ್ದ ಮನುಷ್ಯ. ಬಿಲ್ಲೆ ಹಾಕಿದ ದಿನ ಅವನು ನಾಚಿಕೊಂಡಿದ್ದ. ನಾವು ಹೆಗಲ ಮೇಲೆ ಹೊತ್ತು ಕುಣಿದೆವು.

ಅವನ ಬಳಿಗೆ ಮೊದಲು ಬಂದವಳು ಗಾರೆ ಹೊರುವವಳು. ಮೂಡಣ ಮಗ್ಗುಲಿನ ಸಾರವೆಯ ಏಳನೆಯ ಅಟ್ಟಣೆ ಅವಳ ಜಾಗ. ಕೆಳಗಿನಿಂದ ಬರುವ ಗಾರೆಯ ಬಾಣಲಿಯನ್ನು ಸಿಂಬಿಯ ಮೇಲೆ ಹೊತ್ತು, ಹಲಗೆಯ ಮೇಲೆ ಹನ್ನೆರಡು ಹೆಜ್ಜೆ ನಡೆದು, ಗೋಡೆಯೊಳಗೆ ಕೂತ ಗಾರೆಯವರ ಕೈಗೆ ಕೊಡಬೇಕು. ಆ ಅಟ್ಟಣೆಯ ಹೊರಗಡೆ ಅವಳೊಬ್ಬಳೇ. ಒಂದು ಸಂಜೆ ಕೆಲಸ ಬಿಟ್ಟ ಮೇಲೆ ಅವಳು ಬಾಗಿಲ ಹೊರಗೆ ಕೇಳುವವನನ್ನು ನಿಲ್ಲಿಸಿ ಸೆರಗಿನ ಗಂಟು ಬಿಚ್ಚಿದಳು. ಪಕ್ಕದಲ್ಲೇ ನಾನಿದ್ದೆ.

"ಅಣ್ಣ, ಇದನ್ನ ಒಂಚೂರು ಮುಟ್ಟಿ ನೋಡು."

ಸೆರಗಿನಲ್ಲಿ ನಾರಿನ ಹಗ್ಗದ ತುಂಡಿತ್ತು. ಅವನು ಬೆರಳಲ್ಲಿ ಹೊಸಕಿದ, ಅದು ಹಳೇ ಹೊಗೆಸೊಪ್ಪಿನ ಹಾಗೆ ಪುಡಿಯಾಯಿತು.

"ನಾನು ನಿಲ್ಲೋ ಹಲಗೇನ ಇದ್ರಲ್ಲಿ ಕಟ್ಟವ್ರೆ," ಅಂದಳು. "ಬಾಂಡ್ಲಿ ಹೊತ್ತಾಗೆಲ್ಲ ಕಂಬ ಕಿರ್ ಅಂತದೆ. ಒಂದ್ಸಲ ಬಂದು ನೋಡಣ್ಣ."

ನಾನು ಬೇರೆ ಕಡೆ ನೋಡಿದೆ. ಅದನ್ನು ಕಟ್ಟಿದವನು ನಾನೇ ತಾನೆ.

ಮಾರನೆಯ ಬೆಳಿಗ್ಗೆ ತಮಟೆ ಮೂರು ಸಲ ಬಡಿಯಿತು. "ಮೂಡಣ ಮಗ್ಗುಲು, ಏಳನೇ ಅಟ್ಟಣೆ, ಹಗ್ಗ ಕೊಳೆತಿದೆ!" ಅಂತ ಅವನು ಕೂಗಿದ. ಕೂಗಿ ಅಭ್ಯಾಸವಿಲ್ಲದ ದನಿ, ನಡುವೆ ಒಡೆಯಿತು. ನಾವು ಮೇಲಿನಿಂದಲೇ ಚಪ್ಪಾಳೆ ತಟ್ಟಿದೆವು. ಅವತ್ತು ಸಂಜೆ ಮೇಸ್ತ್ರಿ ನನ್ನನ್ನು ಕರೆದ.

"ಲೋ ಹಗ್ಗದವನೇ, ಮೂಡಣಕ್ಕೆ ಒಳ್ಳೇ ಹಗ್ಗ ಕಟ್ಟು."

"ಎಲ್ಲಿಂದ ತರ್ಲಿ ಮೇಸ್ತ್ರಿಗಳೇ?"

"ಬಡಗಣದಲ್ಲಿದೆಯಲ್ಲ, ಬಿಚ್ಕೊ. ಬಡಗಣ ನೋಡೋಕೆ ನಾಳೆ ಯಾರು ಬರ್ತಾರೆ?"

ಇಲ್ಲಿ ನಮ್ಮ ಕಟ್ಟಡದ ಒಂದು ವಿಷಯ ಹೇಳಲೇಬೇಕು. ಇಡೀ ಕಟ್ಟಡಕ್ಕೆ ಒಳ್ಳೆಯ ಹಗ್ಗ ಇರುವುದು ಒಂದೇ ಕಟ್ಟು. ಅದು ಸರಿಯಾಗಿ ಒಂದು ಮಗ್ಗುಲಿಗೆ ಸಾಲುತ್ತದೆ. ಮಿಕ್ಕ ಮೂರು ಮಗ್ಗುಲಿನ ಸಾರವೆ ನಿಂತಿರುವುದು ಅಜ್ಜಂದಿರ ಕಾಲದ ನಾರಿನ ಮೇಲೆ. ನಾನು ಬಡಗಣದಿಂದ ಬಿಚ್ಚಿ ಮೂಡಣಕ್ಕೆ ಕಟ್ಟಿದೆ, ಮೂಡಣದ ಕೊಳೆತದ್ದನ್ನು ಬಡಗಣಕ್ಕೆ ಕಟ್ಟಿದೆ. ಗಂಟುಗಳನ್ನು ಚೆನ್ನಾಗಿಯೇ ಹಾಕಿದೆ. ನನ್ನ ಗಂಟಿನ ಬಗ್ಗೆ ಇವತ್ತಿಗೂ ಯಾರೂ ಒಂದು ಮಾತು ಆಡಿಲ್ಲ.

ಬೆಳಿಗ್ಗೆ ಅವನು ಕಣ್ಣುಪಟ್ಟಿ ಕಟ್ಟಿಕೊಂಡು ಸುಣ್ಣದ ಮೇಲೆ ಬಂದ. ಏಣಿ ಹತ್ತಿದ. ಹೊಂಬಣ್ಣದ ಹಗ್ಗ ನೋಡಿದ, ಎಳೆದು ನೋಡಿದ. "ಇಲ್ಲಿ ದೋಷವಿದೆಯೇ?" ಎಂದು ಕೇಳಿದ. "ಕಣ್ಣಿದೆಯಲ್ಲ, ನೀವೇ ನೋಡ್ಕೊಳಿ," ಅಂದ ಮೇಸ್ತ್ರಿ. ಗಾರೆ ಹೊರುವವಳು ಪಕ್ಕದಲ್ಲೇ ನಿಂತಿದ್ದಳು, ಆದರೆ ಕೆಲಸದ ಹೊತ್ತಿನಲ್ಲಿ ಕೆಲಸದವರ ಜೊತೆ ಮಾತಾಡುವುದು ಅವನು ಸಾರಿದ ವಿಷಯವಲ್ಲ. ಅವನು ಸುಣ್ಣಕ್ಕೆ ಹೆಬ್ಬೆಟ್ಟು ಅದ್ದಿ ಮೇಸ್ತ್ರಿಯ ಕರಿಹಲಗೆಯ ಮೇಲೆ ಒತ್ತಿದ. ದೋಷವಿಲ್ಲ.

ಸಂಜೆ ಹೊರಗೆ ಅವಳೂ ನಾನೂ ಸಿಕ್ಕಾಗ ಅವನಿಗೆ ಮುಖವೆತ್ತಲಾಗಲಿಲ್ಲ. "ನೀನು ತೋರಿಸಿದ ಹಗ್ಗ ಎಲ್ಲಿ ಹೋಯ್ತು ತಂಗಿ?" ಅಂದ. ಅವಳು ಉತ್ತರ ಕೊಡುವ ಬದಲು, "ಇವತ್ತು ಮೊದಲ್ನೇ ಸಲ ಕಾಲು ನಡುಗದೆ ನಿಂತಿದ್ದೆ ಅಣ್ಣ," ಅಂದಳು. ಆಮೇಲೆ ನನ್ನ ಕಡೆ ನೋಡಿದಳು. ನನಗೆ ಬೇರೆ ದಾರಿಯಿರಲಿಲ್ಲ.

"ಬಡಗಣಕ್ಕೆ ಹೋಯ್ತು," ಅಂದೆ. "ನೀನು ಸಾರಿದ ಕಡೆ ಒಳ್ಳೇದು ಬರ್ತದೆ. ಅಲ್ಲಿದ್ದದ್ದು ಇನ್ನೊಂದು ಕಡೆ ಹೋಗ್ತದೆ. ಮುಂಚಿನ ಕೇಳುವವರ ಕಾಲದಿಂದ್ಲೂ ಹೀಗೇನೇ."

"ಅವ್ರಿಗೆ ಗೊತ್ತಿತ್ತಾ?"

"ಅವ್ರು ಕೇಳಲಿಲ್ಲ, ನಾವು ಹೇಳಲಿಲ್ಲ."

ಅವನು ಚಾವಡಿಗೆ ಹೋದ. ಅಲ್ಲಿ ನಡೆದದ್ದನ್ನು ಅವನೇ ನನಗೆ ಹೇಳಿದ್ದು. ಚಾವಡಿಯ ದೊಡ್ಡವರು ಅವನನ್ನು ಕೂರಿಸಿ, ನೀರು ಕೊಟ್ಟು, ಬಹಳ ಮರ್ಯಾದೆಯಿಂದ ಮಾತಾಡಿದರಂತೆ.

"ಕೊಳೆತ ಹಗ್ಗವನ್ನು ತಾವು ಅಟ್ಟಣೆಯ ಮೇಲೆ ಕಣ್ಣಾರೆ ಕಂಡಿರಾ?"

"ಇಲ್ಲ ಸ್ವಾಮಿ. ಕೈಯಲ್ಲಿ ಹಿಡಿದೆ."

"ಎಲ್ಲಿ?"

"ಬಾಗಿಲ ಹೊರಗೆ."

"ಒಳಗಿನ ವಸ್ತುವನ್ನು ಹೊರಗೆ ತಂದವರು ಯಾರು? ಅವರ ಹೆಸರು ಹೇಳಿ, ಈಗಲೇ ವಿಚಾರಿಸೋಣ."

ಅವನು ಅವಳ ಹೆಸರು ಹೇಳಲಿಲ್ಲ. ದೊಡ್ಡವರು ಕರಿಹಲಗೆ ತರಿಸಿ ಅವನದೇ ಹೆಬ್ಬೆಟ್ಟನ್ನು ಅವನಿಗೆ ತೋರಿಸಿದರು. "ದೋಷವಿಲ್ಲ ಎಂದು ತಾವೇ ಒತ್ತಿದ್ದೀರಿ. ನಮಗೆ ತಮ್ಮ ಮಾತೇ ಪ್ರಮಾಣ," ಅಂದರಂತೆ.

ಮೂರು ದಿನ ಅವನು ತಮಟೆ ಮುಟ್ಟಲಿಲ್ಲ. ಒಳ್ಳೆಯ ಹಗ್ಗ ಮೂಡಣದಲ್ಲೇ ಉಳಿಯಿತು. ಮೂರನೆಯ ದಿನ ಬಡಗಣದಲ್ಲಿ ಒಂದು ಹಲಗೆ ಜಾರಿ ಒಬ್ಬ ಗಾರೆಯವನ ಸೊಂಟ ಮುರಿಯಿತು. ಆ ಸಂಜೆ ಕೇಳುವವನು ನನ್ನ ಗುಡಿಸಲಿಗೆ ಬಂದು ಬಾಗಿಲಲ್ಲೇ ಕುಕ್ಕರಗಾಲಲ್ಲಿ ಕೂತ.

"ಅಲ್ಲ, ನಾನು ಸಾರಿದ ಕಡೆಗೆ ಹಗ್ಗ ಬಂದೇ ಬರ್ತದಲ್ವಾ?"

"ಬಂದೇ ಬರ್ತದೆ."

"ಹಂಗಾದ್ರೆ ನಾಡಿದ್ದು ಯಾವ ಕಡೆ ಕೆಲಸ ಜಾಸ್ತಿ ಅಂತ ನೀನು ನಂಗೆ ದಿನಾ ಹೇಳು."

ಎಂಥ ಬುದ್ಧಿ ಅಂತ ನನಗೆ ಆಗ ಅನ್ನಿಸಿತು. ನೋಡಲು ಬಿಡದವರ ಕಾನೂನನ್ನೇ ಹಿಡಿದು ಅವನು ಹಗ್ಗವನ್ನು ಆಡಿಸತೊಡಗಿದ. ಗಾಳಿ ಬೀಸುವ ದಿನಕ್ಕೆ ಪಡುವಣ ಎಂದು ಸಾರಿದ. ಇಟ್ಟಿಗೆ ರಾಶಿ ಏರುವ ದಿನಕ್ಕೆ ತೆಂಕಣ ಎಂದು ಸಾರಿದ. ದಿನವೂ ತಮಟೆ, ದಿನವೂ ಸುಣ್ಣ, ದಿನವೂ ಕಣ್ಣುಪಟ್ಟಿ. ದಿನವೂ ಸಂಜೆ ನಾನು ಬಿಚ್ಚಿದೆ, ಕಟ್ಟಿದೆ. ದಿನವೂ ಅವನು ಬಂದು ಒಳ್ಳೆಯ ಹಗ್ಗವನ್ನು ನೋಡಿ, ಇಲ್ಲಿ ದೋಷವಿದೆಯೇ ಎಂದು ಕೇಳಿ, ದೋಷವಿಲ್ಲ ಎಂದು ಹೆಬ್ಬೆಟ್ಟು ಒತ್ತಿದ. ಒಂದು ಮಳೆಗಾಲ, ಒಂದು ಚಳಿಗಾಲ ಕಳೆಯಿತು. ಒಬ್ಬರೂ ಬೀಳಲಿಲ್ಲ. ಇಂಥ ಕೇಳುವವ ಹಿಂದೆ ಬಂದಿಲ್ಲ, ಮುಂದೆ ಬರುವುದಿಲ್ಲ ಎಂದು ನಾವು ಬೀಗಿದೆವು.

ಚಾವಡಿಯವರಿಗೂ ಬಹಳ ಖುಷಿ. ಕೇಳುವವನು ಹೆಬ್ಬೆಟ್ಟೊತ್ತಿದ ಹಲಗೆಗಳನ್ನು ಸಾಲಾಗಿ ಗೋಡೆಗೆ ತೂಗುಹಾಕಿದರು. ಇಷ್ಟು ಸಲ ನೋಡಲಾಗಿದೆ, ಒಂದು ಸಲವೂ ದೋಷ ಕಂಡಿಲ್ಲ.

ಆಮೇಲೆ ನಮ್ಮ ಬುದ್ಧಿ ಶುರುವಾಯಿತು. ಹಗ್ಗ ಹೇಗೆ ಓಡಾಡುತ್ತದೆ ಎಂಬುದು ಎಲ್ಲರಿಗೂ ಗೊತ್ತಾಯಿತು. ಗೊತ್ತಾದ ಮೇಲೆ ಯಾರು ಸುಮ್ಮನಿರುತ್ತಾರೆ? ಸಂಜೆಯಾದರೆ ಕೇಳುವವನ ಮನೆ ಮುಂದೆ ಸಾಲು ನಿಲ್ಲುತ್ತಿತ್ತು. ಒಬ್ಬ ಬದನೆಕಾಯಿ ತಂದ, ಒಬ್ಬ ಕೋಳಿ ಹಿಡಿದು ಬಂದ. ನಾಳೆ ನಮ್ಮ ಕಡೆ ಸಾರಣ್ಣ, ನಾಳೆ ನಮ್ಮ ಕಡೆ. ಅವನು ಕೋಳಿಯನ್ನು ವಾಪಸು ಕಳಿಸಿದರೆ, ಇನ್ನೊಂದು ಮಗ್ಗುಲಿನವರು ಇನ್ನೂ ದೊಡ್ಡ ಕೋಳಿ ಕೊಟ್ಟಿರಬೇಕು ಎಂದು ಮಾತಾಡಿಕೊಂಡರು. ಬಡಗಣದಲ್ಲಿ ಅವನ ಹೆಂಡತಿಯ ತಮ್ಮನಿದ್ದಾನೆ, ಅದಕ್ಕೇ ಬಡಗಣಕ್ಕೆ ನಾಲ್ಕು ದಿನ ಹೆಚ್ಚು ಸಿಕ್ಕಿತು ಎಂದು ತೆಂಕಣದವರು ಉಗುಳಿದರು. ಪಡುವಣದವರೂ ತೆಂಕಣದವರೂ ಬಾವಿಕಟ್ಟೆಯಲ್ಲಿ ಹೊಡೆದಾಡಿಕೊಂಡರು. ನನ್ನನ್ನೂ ಬಿಡಲಿಲ್ಲ. ಗಂಟು ಹಾಕುವಾಗ ನಾಲ್ಕು ಕಡೆಯವರೂ ನನ್ನ ಕೈಯನ್ನೇ ನೋಡುತ್ತಿದ್ದರು.

ಈಗ ಯೋಚಿಸಿದರೆ ಮೈ ಉರಿಯುತ್ತದೆ. ಅಷ್ಟು ಜನರಲ್ಲಿ ಒಬ್ಬಳಿಗೆ ಮಾತ್ರ ಹೊಳೆಯಿತು. ಒಂದು ಸಂಜೆ ಎಲ್ಲರೂ ಸಾಲಿನಲ್ಲಿ ನಿಂತು ಗಲಾಟೆ ಮಾಡುತ್ತಿದ್ದಾಗ ಗಾರೆ ಹೊರುವವಳು ಹಿಂದಿನಿಂದ ಕೇಳಿದಳು:

"ಅಲ್ಲಾ, ಹೊಸ ಹಗ್ಗ ಕೇಳೋಕಾಗಲ್ವಾ?"

ನಾವೆಲ್ಲ ತಿರುಗಿ ನೋಡಿದೆವು. ಕೇಳುವವನು ಬಿಲ್ಲೆಯನ್ನು ಬೆರಳಲ್ಲಿ ತಿರುಗಿಸುತ್ತ, "ಅದು ಕಾನೂನಲ್ಲಿ ಇಲ್ಲ ತಂಗಿ. ನೋಡೋ ಹಕ್ಕಿದೆ. ಕೇಳೋ ಹಕ್ಕಿಲ್ಲ," ಅಂದ. ನಾವು ನಕ್ಕೆವು. ಹೌದು, ನಕ್ಕೆವು. ಪಾಪ ಹೆಂಗಸು, ಕಾನೂನು ಗೊತ್ತಿಲ್ಲ ಎಂದು ನಕ್ಕೆವು. ಎಲ್ಲರೂ ಒಂದು ದಿನ ಕೆಳಗಿಳಿದು ಬಾಗಿಲ ಹೊರಗೆ ಕೂತಿದ್ದರೆ ಆಗುತ್ತಿತ್ತೇನೋ. ಆದರೆ ಹಾಗೆ ಕೂರಲು ನಾವು ಮೊದಲು ಒಬ್ಬರನ್ನೊಬ್ಬರು ಮಾತಾಡಿಸಬೇಕಿತ್ತು.

ಬೇಸಗೆ ಹತ್ತಿರ ಬಂದಾಗ ಪಡುವಣ ಮಗ್ಗುಲಿಗೆ ಕಲ್ಲುತೊಲೆ ಏರಿಸಬೇಕೆಂದು ಅಪ್ಪಣೆಯಾಯಿತು. ಇಪ್ಪತ್ತು ಆಳು ಸಾರವೆಯ ಮೇಲೆ ನಿಂತು ಒಟ್ಟಿಗೆ ಎಳೆಯಬೇಕು. ಆ ಇಪ್ಪತ್ತರಲ್ಲಿ ನಾನೊಬ್ಬ. ಅದೇ ದಿನ ಮೂಡಣ ಮಗ್ಗುಲಲ್ಲಿ ಎಂಟನೆಯ ಅಟ್ಟಣೆಗೆ ಗಾರೆ ಹೋಗಬೇಕು. ಅಲ್ಲಿ ಹೊರಗಡೆ ನಿಲ್ಲುವವಳು ಅವಳೊಬ್ಬಳೇ. ಆಗ ಒಳ್ಳೆಯ ಹಗ್ಗ ಮೂಡಣದಲ್ಲಿತ್ತು.

ಅವಳು ಕೇಳುವವನ ಮನೆಗೆ ಬಂದಳು. ನಾನು ಎಂದಿನಂತೆ ನಾಡಿದ್ದಿನ ಕೆಲಸ ಹೇಳಲು ಹೋಗಿ ಅಲ್ಲೇ ಕೂತಿದ್ದೆ.

"ನಾಳೆ ಪಡುವಣ ಅಂತ ಸಾರ್ತೀಯಲ್ಲಣ್ಣ?"

ಅವನು ಬಿಲ್ಲೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡ.

"ಸಾರು. ಇಪ್ಪತ್ತು ಜನ ಅವ್ರೆ. ನಾನೇ ಆದ್ರೂ ಹಂಗೇ ಮಾಡ್ತಿದ್ದೆ." ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಆದ್ರೆ ಹೇಳ್ಬಿಟ್ಟು ಹೋಗಾಣ ಅಂತ ಬಂದೆ. ಮೂಡಣಕ್ಕೆ ವಾಪಸ್ ಬರೋ ಹಗ್ಗದೊಳಗೆ ನನ್ನ ಬೆರಳು ತೂರ್ತದೆ ಅಣ್ಣ."

"ಆ ದಿನ ನೀನು ಬರಬೇಡ ತಂಗಿ," ಅಂದ ಅವನು. ಅವನ ದನಿ ಎಷ್ಟು ಸಣ್ಣದಾಗಿತ್ತೆಂದರೆ ನನಗೇ ಸರಿಯಾಗಿ ಕೇಳಲಿಲ್ಲ.

"ನಾನು ಬರ್ದಿದ್ರೆ ಇನ್ನೊಬ್ಬಳು ನಿಲ್ತಾಳೆ. ಅವಳಿಗೇನು ಬೇರೆ ಹಗ್ಗ ಕೊಡ್ತಾರಾ?"

ಎದ್ದು ಹೋದಳು. ಅವನು ನನ್ನನ್ನು ನೋಡಿದ. ಇಪ್ಪತ್ತರಲ್ಲಿ ಒಬ್ಬನಾದ ನಾನು ಅವನ ಮುಖ ನೋಡದೆ ಕೂತಿದ್ದೆ. ಮೂಡಣ ಅಂತ ಸಾರು ಅಂತ ನಾನು ಹೇಳಬಹುದಿತ್ತು. ನನ್ನ ಬಾಯಿಂದ ಆ ಮಾತು ಬರಲಿಲ್ಲ.

ಬೆಳಿಗ್ಗೆ ತಮಟೆ ಬಡಿಯಿತು. ಪಡುವಣ.

ಸಂಜೆ ನಾನು ಮೂಡಣದ ಎಂಟನೆಯ ಅಟ್ಟಣೆ ಹತ್ತಿದೆ. ಅವಳು ಕೆಳಗಿಳಿಯದೆ ಅಲ್ಲೇ ಇದ್ದಳು. ಒಳ್ಳೆಯ ಹಗ್ಗ ಬಿಚ್ಚಿ ಹೆಗಲಿಗೆ ಸುತ್ತಿಕೊಂಡೆ. ಹಳೆಯದನ್ನು ಕಂಬಕ್ಕೂ ಹಲಗೆಗೂ ಸುತ್ತತೊಡಗಿದೆ. ಅವಳು ನನ್ನ ಕೈಯನ್ನೇ ನೋಡುತ್ತ ನಿಂತಿದ್ದಳು.

"ಗಟ್ಟಿಯಾಗಿ ಕಟ್ಟಣ್ಣ," ಅಂದಳು.

ಮೂರು ಗಂಟು ಹಾಕುವ ಕಡೆ ಐದು ಗಂಟು ಹಾಕಿದೆ. ಅಷ್ಟು ಬಿಟ್ಟು ಬೇರೇನೂ ನನಗೆ ತೋಚಲಿಲ್ಲ. ಐದು ಗಂಟಿನ ಕೊಳೆತ ಹಗ್ಗವೂ ಕೊಳೆತದ್ದೇ, ಇಷ್ಟು ವರ್ಷ ಅದೇ ಕೆಲಸ ಮಾಡಿದ ನನಗೆ ಅದು ತಿಳಿಯದ ವಿಷಯವಲ್ಲ.

ಮಾರನೆಯ ಬೆಳಿಗ್ಗೆ ಬಿಸಿಲು ಏರುವ ಮೊದಲೇ ಬಾಗಿಲಿಂದ ಪಡುವಣದವರೆಗೆ ಸುಣ್ಣದ ಗೆರೆ ಬಿತ್ತು. ಕೇಳುವವನು ಕಣ್ಣುಪಟ್ಟಿ ಕಟ್ಟಿಕೊಂಡು ಬಂದ. ನಾವು ಇಪ್ಪತ್ತು ಜನ ಸಾರವೆಯ ಮೇಲೆ ಸಾಲಾಗಿ ನಿಂತು ತೊಲೆಯನ್ನು ಅರ್ಧಕ್ಕೆ ಎತ್ತಿ ಹಿಡಿದಿದ್ದೆವು. ನಮ್ಮ ಕಾಲಕೆಳಗಿನ ಹಲಗೆ ಅಲ್ಲಾಡಲಿಲ್ಲ, ಕಂಬ ಕಿರ್ ಎನ್ನಲಿಲ್ಲ. ಕೆಳಗೆ ನಿಂತು ಅವನು ಹಗ್ಗಗಳನ್ನು ನೋಡಿದ. ನೋಡಿ, ಕೇಳಬೇಕಾದ್ದನ್ನು ಕೇಳಲು ಶುರುಮಾಡಿದ.

"ಇಲ್ಲಿ ದೋಷ..."

ಕಟ್ಟಡದ ಆ ಕಡೆಯಿಂದ ಸದ್ದು ಬಂತು. ಕೂಗೇನೂ ಅಲ್ಲ. ಬಾಣಲಿಯ ಸದ್ದು. ಎಂಟನೆಯ ಅಟ್ಟಣೆಯಿಂದ ಏಳನೆಯದಕ್ಕೆ, ಏಳರಿಂದ ಆರಕ್ಕೆ, ಒಂದೊಂದೇ ಹಲಗೆಗೆ ಬಡಿಯುತ್ತ ಅದು ಇಳಿದು ಬಂತು. ಆಮೇಲೆ ನೆಲಕ್ಕೆ ಬಿದ್ದು ಸ್ವಲ್ಪ ಹೊತ್ತು ಗಿರ್ರನೆ ತಿರುಗಿ ನಿಂತಿತು.

ಮೇಲಿನಿಂದ ನಾವು ಇಪ್ಪತ್ತು ಜನ ಅವನ ಕತ್ತನ್ನೇ ನೋಡಿದೆವು. ಅದು ಹೊರಳಿದರೆ ಹನ್ನೆರಡು ವರ್ಷ ನಮಗೆ ಯಾರೂ ಇಲ್ಲ. ಹೊರಳದಿರಲಿ ಎಂದು ನಾನು ಬೇಡಿಕೊಂಡೆ. ನಿಜ ಹೇಳುತ್ತಿದ್ದೇನೆ, ಅವಳು ಉಳಿಯಲಿ ಎಂದಲ್ಲ, ಕತ್ತು ಹೊರಳದಿರಲಿ ಎಂದೇ ಬೇಡಿಕೊಂಡದ್ದು. ಮೇಸ್ತ್ರಿ ಕರಿಹಲಗೆ ಮುಂದೆ ಹಿಡಿದು, "ಹೂಂ, ಒತ್ತಿ," ಅಂದ.

ಜನ್ಮದಲ್ಲಿ ದನಿಯೆತ್ತದ ಆ ಮನುಷ್ಯ ಆಗ ಕೂಗಿದ. ಅದು ಮಾತಾಗಿರಲಿಲ್ಲ. ಕಣ್ಣುಪಟ್ಟಿಯನ್ನು ಕಿತ್ತೆಸೆದು, ಮೇಸ್ತ್ರಿಯನ್ನು ದೂಡಿ, ಗೆರೆ ದಾಟಿ ಓಡಿದ.

ನಾವು ಹೋಗಲಿಲ್ಲ. ಕೈಯಲ್ಲಿ ತೊಲೆಯಿತ್ತು, ಬಿಡುವ ಹಾಗಿರಲಿಲ್ಲ. ಬಿಡುವ ಹಾಗಿರಲಿಲ್ಲ ಎಂಬುದೇ ನಮಗೆ ಒಂದು ಸಮಾಧಾನವಾಗಿತ್ತು. ತೊಲೆ ಕೂರಿಸಿ ಇಳಿದು ಹೋಗುವಷ್ಟರಲ್ಲಿ ಅವನು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅವಳಿಗೆ ಇನ್ನೂ ಉಸಿರಿತ್ತು. ಮೇಸ್ತ್ರಿ ಮೊದಲು ತರಿಸಿದ್ದು ನೀರಲ್ಲ, ಬೂದುಗುಂಬಳಕಾಯಿ. ಅದಕ್ಕೆ ಕುಂಕುಮ ತುಂಬಿ, ಕಟ್ಟಡಕ್ಕೆ ಮೂರು ಸಲ ನಿವಾಳಿಸಿ, ಮೂಡಣದ ಮೂಲೆಯಲ್ಲಿ ಒಡೆದರು. ದೃಷ್ಟಿ ಹೋಗಲಿ ಎಂದು ಎಲ್ಲರೂ ಕೈ ಮುಗಿದು ಕಣ್ಣಿಗೊತ್ತಿಕೊಂಡರು. ನಾನೂ ಒತ್ತಿಕೊಂಡೆ. ಮಧ್ಯಾಹ್ನದ ಹೊತ್ತಿಗೆ ಅವಳ ಉಸಿರು ನಿಂತಿತು.

ವಿಚಾರಣೆಗೆ ಮುಂಚೆ ಚಾವಡಿಯವರು ತಮಟೆ ಹೊಡೆಸಿದರು. ಕಾನೂನು ಅವರಿಗೂ ಒಂದೇ, ವಿಚಾರಿಸುವುದನ್ನು ಒಂದು ದಿನ ಮುಂಚೆ ಸಾರಬೇಕು. ಸಾರಿದ್ದು ಇಷ್ಟು: ಕೇಳುವವನ ಕಾಲು ಸುಣ್ಣದ ಗೆರೆ ದಾಟಿದ ವಿಷಯ. ಒಂದು ದಿನಕ್ಕೆ ಒಂದು ವಿಷಯ.

ಸುಣ್ಣದ ಮೇಲಿನ ಹೆಜ್ಜೆಗೂ ಮಣ್ಣಿನ ಮೇಲಿನ ಹೆಜ್ಜೆಗೂ ನಡುವೆ ಎಷ್ಟು ದೂರ ಎಂದು ದಾರ ಹಿಡಿದು ಅಳೆದರು. ಕಣ್ಣುಪಟ್ಟಿ ಎಲ್ಲಿ ಬಿದ್ದಿತ್ತು ಎಂದು ಕಡ್ಡಿ ನೆಟ್ಟರು. ಪಡುವಣ ಮಗ್ಗುಲಿನ ಇಪ್ಪತ್ತು ಜನರನ್ನು ಒಬ್ಬೊಬ್ಬರಾಗಿ ಕರೆದರು. ನನ್ನ ಸರದಿ ಬಂದಾಗ ಸೊಂಟದಲ್ಲಿದ್ದ ಹಗ್ಗದ ತುಂಡನ್ನು ಕೈಗೆ ತೆಗೆದುಕೊಂಡೆ. ಅವಳ ಹಲಗೆಗೆ ಕಟ್ಟಿದ್ದು, ಐದು ಗಂಟುಗಳೂ ಹಾಗೇ ಇದ್ದವು. ಗಂಟಿನ ಪಕ್ಕದಲ್ಲಿ ಹಗ್ಗ ಹರಿದಿತ್ತು.

"ಅದೇನು ಕೈಯಲ್ಲಿ?" ಅಂದರು ದೊಡ್ಡವರು.

"ಹಗ್ಗ ಸ್ವಾಮಿ. ಅವಳು ನಿಂತಿದ್ದ..."

"ಹಗ್ಗದ ವಿಷಯ ಸಾರಿದ್ದೇವೆಯೇ?"

"ಇಲ್ಲ ಸ್ವಾಮಿ."

"ಹಾಗಾದರೆ ಸೊಂಟಕ್ಕೆ ಸಿಕ್ಕಿಸಿಕೊ."

ಸಿಕ್ಕಿಸಿಕೊಂಡೆ.

"ಕೇಳಿದ್ದಕ್ಕಷ್ಟೇ ಉತ್ತರ ಹೇಳು. ಇವನ ಕಾಲು ಗೆರೆ ದಾಟಿತೇ?"

ಅವನು ಕಂಬದ ಪಕ್ಕದಲ್ಲಿ ನಿಂತಿದ್ದ. ನನ್ನ ಕಡೆ ನೋಡುತ್ತಿರಲಿಲ್ಲ. ಅವನ ಪಂಚೆಯ ಮೇಲೆ ಕಂದು ಕಲೆ ಒಣಗಿ ಗಟ್ಟಿಯಾಗಿತ್ತು, ಬೇರೆ ಪಂಚೆ ಉಟ್ಟುಕೊಂಡು ಬರುವ ಯೋಚನೆಯೂ ಅವನಿಗೆ ಬಂದಿರಲಿಲ್ಲ.

"ದಾಟಿತು ಸ್ವಾಮಿ," ಅಂದೆ.

"ಯಾವ ಕಡೆಗೆ ನೋಡಿದ?"

"ಮೂಡಣದ ಕಡೆಗೆ."

"ಮೂಡಣವನ್ನು ಸಾರಿದ್ದನೇ?"

"ಇಲ್ಲ ಸ್ವಾಮಿ. ಆದ್ರೆ ಮೊದ್ಲು ಸದ್ದಾಯ್ತು, ಆಮೇಲೆ..."

"ಸದ್ದು ಸಾರಿದ ವಿಷಯವಲ್ಲ. ಹೋಗು."

ಇಪ್ಪತ್ತು ಜನವೂ ಅದನ್ನೇ ಹೇಳಿದೆವು. ದಾಟಿತು, ದಾಟಿತು, ದಾಟಿತು. ಇದರಲ್ಲಿ ಒಂದು ಮಾತೂ ತಪ್ಪಿಲ್ಲ. ಕೊನೆಗೆ ಅವನನ್ನು, ಹೇಳುವುದೇನಾದರೂ ಇದೆಯೇ ಎಂದು ಕೇಳಿದರು. "ಅವಳು ಕೊನೇಲಿ ಒಂದು ಮಾತು ಕೇಳಿದ್ಲು, ಅದನ್ನ ಹೇಳ್ತೀನಿ," ಅಂದ. ದೊಡ್ಡವರು ಬಹಳ ಮರ್ಯಾದೆಯಿಂದಲೇ ತಲೆಯಾಡಿಸಿ, ಆ ಮಾತು ಕಾಲಿಗೆ ಸಂಬಂಧಪಟ್ಟದ್ದೇ ಎಂದು ವಿಚಾರಿಸಿದರು. ಅಲ್ಲ ಅಂದ.

ತೀರ್ಪು ಕೊಟ್ಟರು. ಕೇಳುವವನು ಸಾರಿದ ಯಾವ ಮಗ್ಗುಲಲ್ಲೂ ಈವರೆಗೆ ಒಬ್ಬರೂ ಬಿದ್ದಿಲ್ಲ. ಅವನು ಸಾರದೆ ತಿರುಗಿ ನೋಡಿದ ಒಂದೇ ಒಂದು ದಿನ, ಅವನು ನೋಡಿದ ಆ ಮಗ್ಗುಲಲ್ಲೇ ಒಂದು ಜೀವ ಹೋಗಿದೆ. ಹೇಳದೆ ನೋಡುವ ಕಣ್ಣಿನಿಂದ ಆಗುವ ಅನಾಹುತಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಅವನ ಕೊರಳಿನಿಂದ ಬಿಲ್ಲೆ ತೆಗೆದರು. ತೀರ್ಪನ್ನು ಕಲ್ಲಿನಲ್ಲಿ ಹಳೆಯ ಕಾನೂನಿನ ಕೆಳಗೆ ಕೊರೆಯಲು ಕಲ್ಲುಕುಟಿಗನಿಗೆ ಹೇಳಿದರು. ಅವಳು ಯಾರೆಂಬುದು ತೀರ್ಪಿನಲ್ಲಿ ಎಲ್ಲೂ ಬರಲಿಲ್ಲ, ಒಂದು ಜೀವ ಎಂದಷ್ಟೇ ಬಂತು.

ಅವನು ಚಾವಡಿಯ ಮೆಟ್ಟಿಲಿಳಿದು ಹೊರಟ. ನಮ್ಮವರು ದಾರಿ ಬಿಟ್ಟು ಸರಿದು ನಿಂತರು. ನಮ್ಮ ಹನ್ನೆರಡು ವರ್ಷ ಹಾಳುಮಾಡಿಬಿಟ್ಟನಲ್ಲ ಎಂದು ಹಿಂದಿನಿಂದ ಯಾರೋ ಗೊಣಗಿದರು, ಗೊಣಗಿದವನೂ ಇಪ್ಪತ್ತರಲ್ಲಿ ಒಬ್ಬ. ನಾನು ಬೇವಿನ ಮರದವರೆಗೆ ಅವನ ಹಿಂದೆಯೇ ನಡೆದೆ. ಅಲ್ಲಿ ಕರೆದೆ.

"ಅಣ್ಣ."

ನಿಂತ.

"ಅವಳು ಏನು ಕೇಳಿದ್ಲು?"

ಅವನು ನನ್ನನ್ನೇ ನೋಡಿದ. ಕೋಪವಿದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಕೋಪವಿರಲಿಲ್ಲ.

"ನಾನು ಓಡಿ ಬರೋದನ್ನ ಅವಳು ಮಲಗಿದ್ದಲ್ಲಿಂದ್ಲೇ ನೋಡಿದ್ಲು," ಅಂದ. "ನಾನು ಬಂದ ಕಡೆ ಹಗ್ಗ ಬಂದಿರ್ತದಲ್ಲ ಯಾವಾಗ್ಲೂ. ನನ್ನ ನೋಡಿ ಅವಳ ಮುಖ ಅರಳ್ತು. ಇವತ್ತು ನಮ್ಮ ಕಡೆ ಹಗ್ಗ ಬಂತಾ ಅಣ್ಣ, ಅಂದ್ಲು."

"ನೀನೇನಂದೆ?"

"ಬಂತು ತಾಯಿ, ಅಂದೆ."

ಅಷ್ಟು ಹೇಳಿ ಅವನು ಹೊರಟುಹೋದ. ನಾನು ಕೆಲಸಕ್ಕೆ ಹಿಂದಿರುಗಿದೆ. ಈ ಇಡೀ ಪ್ರಕರಣದಲ್ಲಿ ಸುಳ್ಳು ಹೇಳಿದವನು ಅವನೊಬ್ಬನೇ. ಉಳಿದ ನಾವೆಲ್ಲ ಕಂಡದ್ದನ್ನು ಕಂಡ ಹಾಗೆಯೇ ಹೇಳಿದ್ದೆವು.